ಮೊಣಕಾಲಿಗೆ ಹಚ್ಚಿದ ಹವಳ

ವಿಜ್ಞಾನ ಕಲಿಸುವವನ ಮನೆಯಲ್ಲಿ ಮೊಣಕಾಲು ನೋವಿಗೆ ಜಾಗವಿರಬಾರದು ಎಂಬುದು ನನ್ನ ದೃಢ ನಂಬಿಕೆ. ಬಸವಕಲ್ಯಾಣದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಕಿಣ್ವಗಳ ಪಾಠ ಮಾಡಿದವನು ನಾನು. ಆದರೂ ಹೆಂಡತಿ ಮಹಾದೇವಿ ಗೋಡೆ ಹಿಡಿದೇ ನಡೆಯುತ್ತಿದ್ದಳು.

ಅಷ್ಟರಲ್ಲಿ ಮೊಬೈಲಿನಲ್ಲಿ ಒಂದು ಲೇಖನ ಸಿಕ್ಕಿತು. ಸಮುದ್ರದ ಮೆದು ಹವಳಗಳಲ್ಲಿ, ಊತ ತರುವ ಕಿಣ್ವವನ್ನು ತಡೆಯುವ ರಾಸಾಯನಿಕಗಳಿವೆಯಂತೆ. ಅರ್ಧ ಓದುವಷ್ಟರಲ್ಲಿ ನನಗೆ ಪೂರ್ತಿ ತಿಳಿದುಹೋಯಿತು. ನಮ್ಮೂರಿಗೆ ಸಮುದ್ರ ದೂರ, ನಿಜ. ಹವಳ ಕಪಾಟಿನಲ್ಲೇ ಇತ್ತಲ್ಲ!

ಮುತ್ತೈದೆಯಾಗಿಯೇ ತೀರಿಕೊಂಡ ನನ್ನ ಅತ್ತೆಯ ತಾಳಿಯಲ್ಲಿದ್ದ ಎರಡು ಹವಳ ಅವು. ಹುಮನಾಬಾದಿನಲ್ಲಿರುವ ತನ್ನ ತಂಗಿಯ ಮಗಳ ತಾಳಿಗೆ ಪೋಣಿಸಬೇಕೆಂದು ಮಹಾದೇವಿ ಕಾಯ್ದಿಟ್ಟಿದ್ದಳು. ಮದುವೆಯ ಸೀರೆ ಆರಿಸಲು ಅವಳು ಅಲ್ಲಿಗೆ ಹೋಗಿದ್ದೇ ನನಗೆ ಅನುಕೂಲವಾಯಿತು. ಹವಳಗಳನ್ನು ಕುಟ್ಟಾಣಿಯಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಕುಸುಬಿ ಎಣ್ಣೆಯಲ್ಲಿ ಕಾಸಿಟ್ಟೆ. ಮದುಮಗಳಿಗೆ ಹೊಸ ಹವಳ ತಂದರಾಯಿತು ಎಂದುಕೊಂಡೆ.

ಸಂಜೆ ಬಸ್ಸಿಳಿದು ಬಂದವಳ ಕಾಲಿಗೆ ಶಾಸ್ತ್ರೋಕ್ತವಾಗಿ ಲೇಪನ ಮಾಡಿದೆ.

"ಏನ್ರಿ ಇದು?"

"ಔಷಧ. ಸುಮ್ನ ಕಾಲು ಚಾಚು."

ಬೆಳಿಗ್ಗೆ ನೋಡಿದರೆ ಗೋಡೆ ಹಿಡಿಯದೆ ಅಡುಗೆಮನೆಗೆ ನಡೆದಿದ್ದಳು! ನಾನು ಹಿಂದೆಯೇ ಹೋದೆ.

"ಹ್ಯಾಂಗ ಅದ ಈಗ?"

"ಭಾಳ ಆರಾಮ ಅದರಿ."

ಕಿಣ್ವದಿಂದ ಆರಂಭಿಸಿ ಪೂರ್ತಿ ಪಾಠ ಒಪ್ಪಿಸಿದೆ. ಹವಳದ ಹೆಸರು ಬಂದಾಗ ಚಹಾ ಸೋಸುತ್ತಿದ್ದ ಅವಳ ಕೈ ನಿಂತಿತು.

"ಯಾ ಹವಳರಿ?"

"ನಿಮ್ಮವ್ವನವು."

ಕಪಾಟು ತೆರೆದು ನೋಡಿ, ಅಲ್ಲೇ ಕುಳಿತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನಿ ತಂಗಿ ದವಾಖಾನಿಗಿ ಕರ್ಕೊಂಡು ಹೋಗಿದ್ಲು. ಡಾಕ್ಟರ್ ಗುಳಿಗಿ ಕೊಟ್ಟಾರ. ಆರಾಮ ಆಗಿದ್ದು ಅದರಿಂದ," ಎಂದಳು. ಕಪಾಟಿನ ಬಾಗಿಲು ಮುಚ್ಚುತ್ತ, "ಅವ್ವನ ಮೈಮ್ಯಾಲಿಂದು ಅಷ್ಟೇ ಉಳಿದಿತ್ತು ನನ್ನ ಹತ್ರ," ಎಂದಳು.

ಆಮೇಲೆ ಲೇಖನದ ಉಳಿದರ್ಧ ಓದಿದೆ. ಆ ರಾಸಾಯನಿಕಗಳು ಇರುವುದು ಜೀವಂತ ಹವಳದ ಮೆದು ಮೈಯಲ್ಲಿ. ಅವುಗಳ ಪರೀಕ್ಷೆಯೂ ಇನ್ನೂ ಪ್ರಯೋಗಾಲಯದಲ್ಲೇ ನಡೆದಿದೆ. ತಾಳಿಯ ಹವಳವೆಂದರೆ ಆ ಜಾತಿಯ ಜೀವಿಯ ಒಣ ಅಸ್ಥಿ, ಹೆಚ್ಚುಕಡಿಮೆ ಸುಣ್ಣದಕಲ್ಲು. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎಂದು ಹೇಳುವವನು ನಾನೇ.

ಮದುವೆಯಲ್ಲಿ ಹೊಸ ಹವಳ ಪೋಣಿಸುವಾಗ ಮಹಾದೇವಿ ಬೇರೆ ಕಡೆ ನೋಡುತ್ತಿದ್ದಳು. ನನಗೆ ಅಕ್ಷತೆ ಹಾಕಲು ಕೈ ಏಳಲಿಲ್ಲ.

ಅವಳ ಮೊಣಕಾಲು ಈಗ ಪೂರ್ತಿ ನೆಟ್ಟಗಿದೆ. ನಾನು ಹೋಗಿ ಪಕ್ಕದಲ್ಲಿ ಕುಳಿತರೆ, ಗೋಡೆ ಹಿಡಿಯದೆ ಎದ್ದು ಹೋಗುತ್ತಾಳೆ.