ಅಳತೆಪ್ಪನವರ ವಿಕಿರಣ ಚಳವಳಿ

ತಮ್ಮ ಮನೆಯಲ್ಲಿ ತಮ್ಮ ಮಾತಿಗೆ ಕವಡೆ ಕಿಮ್ಮತ್ತಿಲ್ಲ ಎಂಬುದು ಅಳತೆಪ್ಪನವರ ಹತ್ತೊಂಬತ್ತು ವರ್ಷದ ಅಳಲು. ಮದುವೆಯಾಗಿಯೂ ಅಷ್ಟೇ ವರ್ಷವಾಗಿದೆ. ಎರಡಕ್ಕೂ ಸಂಬಂಧವಿದೆಯೆಂದು ಅವರು ಬಾಯಿಬಿಟ್ಟು ಹೇಳಿದವರಲ್ಲ.

ಅವರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಳತೆಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು, ಏಕೆಂದರೆ ಅಳೆಯದೆ ಯಾವುದನ್ನೂ ನಂಬುವ ಜಾಯಮಾನ ಅವರದಲ್ಲ. ಹೊಸ ಮಂಚ ಬಂದ ದಿನ ಟೇಪು ಹಿಡಿದು, ಕಾಲಿಂಚು ಕಡಿಮೆಯೆಂದು ಅದನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದರು. ಮಗಳು ಹುಟ್ಟಿದಾಗ ನರ್ಸು ಹೇಳಿದ ಉದ್ದವನ್ನು ನಂಬದೆ ತಾವೇ ಇನ್ನೊಮ್ಮೆ ಅಳೆದಿದ್ದರು. (ನರ್ಸು ಹೇಳಿದ್ದೇ ಸರಿಯಿತ್ತು.)

ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವರು. ಮದುವೆಗೆ ಮುಂಚಿನಿಂದಲೂ ಅದೇ ಕೆಲಸ. ಅಳತೆಪ್ಪನವರು ಇಷ್ಟು ವರ್ಷದಲ್ಲಿ ಆ ಕೋಣೆಯೊಳಗೆ ಕಾಲಿಟ್ಟವರಲ್ಲ. ಅವರ ಲೆಕ್ಕದಲ್ಲಿ ಅದೊಂದು ಬಗೆಯ ಫೋಟೋ ಸ್ಟುಡಿಯೋ, ಗಿರಾಕಿಗಳು ಮಾತ್ರ ನಗುವುದಿಲ್ಲ, ಅಷ್ಟೇ. ಇನ್ನುಳಿದವರು ಹದಿನೇಳರ ಮಗಳು ಮತ್ತು ಅತ್ತೆ. ಅತ್ತೆ ಎಂದರೆ ಹೆಂಡತಿಯ ತಾಯಿ. ಅವರಿಗೆ ಕಿವಿ ಸ್ವಲ್ಪ ಮಂದ, ರೇಡಿಯೋ ಮಾತ್ರ ದಿನವಿಡೀ ಬೇಕು.

ಎಲ್ಲ ಶುರುವಾದದ್ದು ಕ್ಷೌರದಂಗಡಿಯಲ್ಲಿ. ಅಳತೆಪ್ಪನವರ ತಲೆಯಲ್ಲಿ ಕತ್ತರಿಸಲು ಏನೂ ಉಳಿಯದೆ ಹತ್ತು ವರ್ಷವಾಗಿತ್ತು. ಆದರೂ ಅಲ್ಲಿಯ ಹಳೆಯ ವಾರಪತ್ರಿಕೆಗಳನ್ನು ಓದಲು ಭಾನುವಾರ ತಪ್ಪದೆ ಹೋಗಿ ಕೂರುತ್ತಿದ್ದರು. ಆ ಭಾನುವಾರ ಕೈಗೆ ಸಿಕ್ಕಿದ್ದು ‘ನಿಮ್ಮ ಮನೆಯೇ ನಿಮ್ಮ ಶತ್ರು!’ ಎಂಬ ಲೇಖನ. ಗೋಡೆಯ ತಂತಿ, ಫೋನು, ವೈಫೈ, ಮೈಕ್ರೋವೇವ್, ಎಲ್ಲದರಿಂದಲೂ ವಿದ್ಯುತ್ಕಾಂತೀಯ ವಿಕಿರಣ ಹೊರಡುತ್ತದೆ, ಅದು ಗೋಡೆಯನ್ನೂ ದಾಟುತ್ತದೆ, ಮೈಯನ್ನೂ ತಾಗುತ್ತದೆ, ‘ಆದರೆ’ ಎನ್ನುವಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಪುಟವನ್ನು ಯಾರೋ ಹರಿದುಕೊಂಡು ಹೋಗಿದ್ದರು.

ಅಳತೆಪ್ಪನವರು ಮನೆಗೆ ಬಂದದ್ದು ಓಡುನಡಿಗೆಯಲ್ಲಿ.

“ಅತ್ತೇ, ಆ ರೇಡಿಯೋ ಆರಿಸಿ! ಮನೆ ತುಂಬಾ ವಿಕಿರಣ!”

“ಕಿರಾಣಿನಾ?” ಎಂದರು ಅತ್ತೆ. “ನಿನ್ನೆ ತಾನೇ ತಂದು ಡಬ್ಬಿಗೆ ತುಂಬಿದ್ದಾಯ್ತಲ್ಲ ಅಳಿಯಂದಿರೇ.”

“ಕಿರಾಣಿ ಅಲ್ಲ, ವಿ-ಕಿ-ರ-ಣ! ಕಣ್ಣಿಗೆ ಕಾಣಲ್ಲ, ಎಲ್ಲಾ ಕಡೆ ಇರುತ್ತೆ!”

“ಅದು ಧೂಳು. ನಿಮ್ಮ ಮಗಳಿಗೆ ಹೇಳಿ, ಗುಡಿಸ್ತಾಳೆ.”

ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದರು. “ರೀ, ವಿಕಿರಣ ಅಂದ್ರೆ ಒಂದೇ ತರದ್ದಲ್ಲ. ಈ ಟ್ಯೂಬ್‌ಲೈಟ್ ಬೆಳಕೂ ವಿಕಿರಣವೇ. ನೀವೀಗ ನನ್ನ ಮುಖ ನೋಡ್ತಿದೀರಲ್ಲ, ಅದೂ ಅದರಿಂದಲೇ.”

(ಅದಕ್ಕೇ ಕಣ್ಣುರಿ ಎಂದು ಅಳತೆಪ್ಪನವರಿಗೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು.)

“ನಿಮಗೆ ಅರ್ಥ ಆಗೋ ಹಾಗೆ ಹೇಳ್ತೀನಿ ಕೇಳಿ. ಎಲ್ಲಾ ಒಂದೇ ಜಾತಿ ಅಲೆ. ರೇಡಿಯೋ, ಫೋನು, ವೈಫೈ ಅಲೆಗಳು ಉದ್ದುದ್ದ, ದೊಡ್ಡ ದೊಡ್ಡ ಹೊಲಿಗೆ ಹಾಕಿದ ಹಾಗೆ. ಅವಕ್ಕೆ ಬಲ ಕಮ್ಮಿ. ಎಕ್ಸ್-ರೇ ಅಂದ್ರೆ ಒತ್ತೊತ್ತಾಗಿರೋ ಸಣ್ಣ ಹೊಲಿಗೆ, ಅದು ಚುಚ್ಚುತ್ತೆ. ಅದಕ್ಕೇ ನಾವು ಅಲ್ಲಿ ಅಷ್ಟು ಹುಷಾರಾಗಿರ್ತೀವಿ. ಇವೆರಡರ ಮಧ್ಯೆ...”

“ನೀನು ಎಲುಬಿನ ಫೋಟೋ ತೆಗೆಯೋಳು. ಇದು ವಿಜ್ಞಾನ ಕಣೇ,” ಎಂದರು ಅಳತೆಪ್ಪನವರು. “ಅಳೆದು ನೋಡೋಣ. ಅಳತೆ ಸುಳ್ಳು ಹೇಳಲ್ಲ.”

ಹೆಂಡತಿ ಅಡುಗೆಮನೆಗೆ ಹೊರಟುಹೋದರು. ಪಾತ್ರೆಗಳೇ ಮಿಕ್ಕ ಮಾತನ್ನಾಡಿದವು.

ಪ್ಯಾಂಟು ಹೊಲಿಯಲು ಕೊಟ್ಟಿದ್ದ ವೈರಿಂಗ್ ಕೆಲಸದವನೊಬ್ಬನ ಬಳಿ ವಿಕಿರಣ ಅಳೆಯುವ ಮೀಟರಿತ್ತು. ಅಂಗೈಯಗಲದ್ದು, ಹಸಿರು, ಹಳದಿ, ಕೆಂಪು ದೀಪ, ಕೆಂಪಾದರೆ ಕೀಂಯ್ ಎನ್ನುವ ಸದ್ದು. ಅಳತೆಪ್ಪನವರು ಅದನ್ನು ಎರವಲು ತಂದು ಮನೆಯನ್ನು ಮೂಲೆಮೂಲೆಯೂ ಜಾಲಾಡಿದರು. ಫ್ರಿಜ್ಜು: ಹಳದಿ. ವೈಫೈ ಡಬ್ಬಿ: ಕೆಂಪು. ಮೈಕ್ರೋವೇವ್: ಕೆಂಪು, ಜೊತೆಗೆ ಅತ್ತೆಯನ್ನು ಎಬ್ಬಿಸುವಷ್ಟು ಕೀರಲು ಸದ್ದು. ಅವರ ಹೊಲಿಗೆ ಯಂತ್ರದ ಮೋಟಾರಿಗೆ ಹಿಡಿದಾಗಲೂ ಕೆಂಪೇ. ಮಗಳು ಅದನ್ನು ನೋಡಿಯೇಬಿಟ್ಟಳು.

“ಅಪ್ಪಾ, ಹಾಗಾದ್ರೆ ನಿನ್ ಮಿಷಿನ್ನೂ ಆಚೆ ಹಾಕು!”

“ಇದು ಅನ್ನ ಕೊಡೋ ಯಂತ್ರ ಮಗಳೇ. ಇದರದ್ದು ಸಾತ್ವಿಕ ವಿಕಿರಣ.”

ಶುಕ್ರವಾರ ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಚಳವಳಿ ಉಗ್ರರೂಪ ತಾಳಿತು. ಲೋಹ ಅಲೆಗಳನ್ನು ತಡೆಯುತ್ತದೆ ಎಂಬಷ್ಟು ಅವರಿಗೆ ತಿಳಿದಿತ್ತು. ಊಟದ ಡಬ್ಬಿಗೆ ಸುತ್ತುವ ಅಲ್ಯೂಮಿನಿಯಂ ಹಾಳೆಯ ಸುರುಳಿಗಳನ್ನು ತಂದರು. ನಡುಮನೆ, ಮಲಗುವ ಕೋಣೆ, ಅಂಗಡಿ, ಎಲ್ಲ ಗೋಡೆಗೂ ಅಳತೆ ತೆಗೆದು, ಕತ್ತರಿಸಿ, ಅಂಟಿಸಿದರು. ಕಿಟಕಿಗಳಿಗೆ ನೆರಿಗೆಯಿಟ್ಟ ಬೆಳ್ಳಿ ಪರದೆ ಹೊಲಿದರು. ಟೈಲರಿಕೆ ಎಲ್ಲಿ ಹೋಗುತ್ತದೆ? ವೈಫೈ ಡಬ್ಬಿಯನ್ನು ಸ್ಟೀಲಿನ ಡಬ್ಬದಲ್ಲಿಟ್ಟು ಮುಚ್ಚಳ ಬಿಗಿದರು. ಸಂಜೆಯ ಹೊತ್ತಿಗೆ ಮನೆ ಒಂದು ದೊಡ್ಡ ಊಟದ ಪೊಟ್ಟಣದಂತೆ ಪಳಪಳ ಹೊಳೆಯುತ್ತಿತ್ತು.

ಅತ್ತೆ ನಿದ್ದೆಯಿಂದೆದ್ದು ಬಂದು ಗೋಡೆ ನೋಡಿದರು. “ಯಾರೋ ಮುದುಕಿ ಬಂದು ನಿಂತಿದಾಳೆ. ಪಾಪ, ಕೂರೋಕೆ ಹೇಳಬಾರದಾ?” ಎಂದರು. ಆಮೇಲೆ ರೇಡಿಯೋ ತಿರುಗಿಸಿದರು. ಬರೀ ಗೊರಗೊರ. “ಸತ್ತೇಹೋಯ್ತು!” ಎಂದು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು.

ಮಗಳಿಗೆ ಫೋನಿನಲ್ಲಿ ಮಾತಾಡಬೇಕೆಂದರೆ ಬಚ್ಚಲುಮನೆಯ ಬೆಳಕಿಂಡಿಯೇ ಗತಿಯಾಯಿತು. ಬಕೆಟ್ಟು ಬೋರಲು ಹಾಕಿ, ಮೇಲೆ ನಿಂತು, ಕತ್ತು ಹೊರಚಾಚಬೇಕು.

ಹೆಂಡತಿ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ನಿಂತರು. ಅಷ್ಟರಲ್ಲಿ ಮೇಜಿನ ಮೇಲಿನ ಫೋನಿನ ಹತ್ತಿರ ಮೀಟರು ಕೀಂಯ್ ಎಂದಿತು. ಮುಂಚಿಗಿಂತ ಜೋರಾಗಿ.

“ಇದೇನು, ಜಾಸ್ತಿ ಆಯ್ತಲ್ಲ!” ಅಳತೆಪ್ಪನವರ ಮುಖ ಬಿಳಿಚಿತು.

“ಆಗದೇ ಏನು? ನಿಮ್ಮನ್ನ ಕೋಣೇಲಿ ಕೂಡಿಹಾಕಿ ಬಾಗಿಲು ಮುಚ್ಚಿದ್ರೆ ಆಚೆ ಇರೋರನ್ನ ಗಂಟಲು ಹರ್ಕೊಂಡು ಕರೆಯಲ್ವಾ? ಟವರ್ ಸಿಗದೇ ಹೋದ್ರೆ ಫೋನೂ ಹಾಗೇ ಕೂಗಾಡುತ್ತೆ. ನೀವು ಕಮ್ಮಿ ಮಾಡಿಲ್ಲ ರೀ, ಜಾಸ್ತಿ ಮಾಡಿದೀರಿ. ಬೆಳಿಗ್ಗೆ ಎದ್ದು ಇದನ್ನೆಲ್ಲಾ ಕೀಳಿ.”

ಆದರೆ ಅಳತೆಪ್ಪನವರು ಅದರಿಂದ ತೆಗೆದ ಸಾರಾಂಶವೇ ಬೇರೆ. ಮನೆ ಕೈಮೀರಿದೆ. ಇನ್ನು ತಾವಾದರೂ ಬದುಕಬೇಕು.

ಶನಿವಾರ ಬೆಳಿಗ್ಗೆ ಎಂಟಕ್ಕೇ ಮೀಟರು ಹಿಡಿದು ಮಹಡಿ ಹತ್ತಿದರು. ತೆರೆದ ತಾರಸಿ. ತಂತಿಯಿಲ್ಲ, ಡಬ್ಬಿಯಿಲ್ಲ. ಮೀಟರು ಹಚ್ಚಹಸಿರು! ಪೂರ್ವಕ್ಕೆ ಹಿಡಿದರು, ಪಶ್ಚಿಮಕ್ಕೆ ಹಿಡಿದರು, ನೆತ್ತಿಯ ಮೇಲೂ ಎತ್ತಿ ಹಿಡಿದರು. ಅಪ್ಪಟ ಹಸಿರು. “ಇದಪ್ಪಾ ಜಾಗ!” ಎಂದು ಚಾಪೆ, ಸೂಜಿದಾರ, ಗುಂಡಿ ಹಾಕಬೇಕಿದ್ದ ಐವತ್ತು ಸಮವಸ್ತ್ರದ ಅಂಗಿಗಳನ್ನು ಹೊತ್ತು ತಂದರು. ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಕೂತರು. ತಂಪು ಗಾಳಿ ಬೀಸುತ್ತಿತ್ತು. ಹತ್ತು ವರ್ಷದಲ್ಲಿ ಇಷ್ಟು ಹಾಯಾಗಿ ಗುಂಡಿ ಹಾಕಿದ ನೆನಪು ಅವರಿಗಿರಲಿಲ್ಲ.

ಹನ್ನೊಂದರ ಹೊತ್ತಿಗೆ ಬೀದಿಯಲ್ಲಿ ಸೈರನ್ ಕೇಳಿತು. ಬಗ್ಗಿ ನೋಡಿದರೆ ಆಂಬುಲೆನ್ಸು ತಮ್ಮ ಮನೆಯ ಮುಂದೆಯೇ ನಿಂತಿದೆ! “ಅಯ್ಯೋ, ಅತ್ತೆ!” ಎಂದು ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿದರು.

ಅತ್ತೆ ಬಾಗಿಲಲ್ಲೇ ಗಟ್ಟಿಮುಟ್ಟಾಗಿ ನಿಂತಿದ್ದರು. ಆಂಬುಲೆನ್ಸಿನ ಡ್ರೈವರು ಏದುಸಿರು ಬಿಡುತ್ತಾ ಹೆಂಡತಿಗೆ ಹೇಳುತ್ತಿದ್ದ:

“ಮೇಡಂ, ಮುಕ್ಕಾಲು ಗಂಟೆಯಿಂದ ಫೋನ್ ಮಾಡ್ತಾನೇ ಇದೀವಿ. ಹತ್ತೋದೇ ಇಲ್ಲ. ಮರದಿಂದ ಬಿದ್ದು ಕೈ ಮುರ್ಕೊಂಡಿರೋ ಮಗು, ಚೀರಾಡ್ತಿದೆ. ಇನ್ನೊಬ್ಬರು ರಜೆ ಇದಾರೆ. ಇವತ್ತು ಕರೆದ್ರೆ ಬರಬೇಕಾದ ಸರದಿ ನಿಮ್ಮದಲ್ವಾ, ಅದಕ್ಕೇ ನಾನೇ ಬಂದ್ಬಿಟ್ಟೆ.”

ಹೆಂಡತಿ ಫೋನು ನೋಡಿದರು, ಗೋಡೆ ನೋಡಿದರು, ಗಂಡನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅಳತೆಪ್ಪನವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಮುಕ್ಕಾಲು ಗಂಟೆ ರೀ,” ಎಂದರು ಮೆಲ್ಲಗೆ. “ಒಂದು ಮಗು, ನೋವಲ್ಲಿ.” ಚಪ್ಪಲಿ ಮೆಟ್ಟಿ ಆಂಬುಲೆನ್ಸು ಹತ್ತಿ ಹೋಗಿಯೇಬಿಟ್ಟರು.

ಅಳತೆಪ್ಪನವರಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ. ಮಗಳೂ ಅವರೂ ಸೇರಿ ಗೋಡೆಯ ಹಾಳೆಯನ್ನೆಲ್ಲ ಪರಪರ ಕಿತ್ತರು. ವೈಫೈ ಡಬ್ಬಿಗೆ ಬಂಧಮುಕ್ತಿಯಾಯಿತು. ಅತ್ತೆಯ ರೇಡಿಯೋ ಮತ್ತೆ ಹಾಡಿತು. ಆದರೆ ಮುಖ ತೋರಿಸಿಕೊಂಡು ಕೆಳಗೆ ಕೂರುವ ಧೈರ್ಯ ಬಾರದೆ ಅವರು ಮತ್ತೆ ಮಹಡಿ ಹತ್ತಿ, ತಲೆ ತಗ್ಗಿಸಿಕೊಂಡು ಗುಂಡಿ ಹಾಕುತ್ತಾ ಕೂತರು. ತಲೆ ತಗ್ಗಿಸಿದಷ್ಟೂ ನೆತ್ತಿ ಆಕಾಶಕ್ಕೆ ಎದುರಾಯಿತು. ನಾಲ್ಕು ಗಂಟೆಗೆ ಐವತ್ತನೆಯ ಅಂಗಿ ಮುಗಿಯಿತು.

ಇಳಿದು ಬಂದಾಗ ತಲೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟಂತಿತ್ತು. ಭುಜ ಮುಟ್ಟಿದರೆ ಪ್ರಾಣ ಹೋಗುತ್ತಿತ್ತು. ಐದೂವರೆಗೆ ನೆತ್ತಿಯ ಮೇಲೆ ಸಾಲಾಗಿ ಬೊಬ್ಬೆಗಳೆದ್ದವು, ಮೈ ಗಡಗಡ ನಡುಗತೊಡಗಿತು.

“ನೋಡಿದ್ಯಾ ಮಗಳೇ,” ಎಂದು ನರಳಿದರು. “ಕಡೆಗೂ ವಿಕಿರಣ ನನ್ನನ್ನ ಹಿಡೀತು. ಹಾಳೆ ಕಿತ್ತಿದ್ದೇ ತಪ್ಪಾಯ್ತು.”

ಮಗಳು ಅವರಿಗೊಂದು ಒದ್ದೆ ಬಟ್ಟೆ ಹೊದಿಸಿ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಚಿಕ್ಕ ವಯಸ್ಸಿನವರು. ನೆತ್ತಿಯನ್ನು ಒಮ್ಮೆ ನೋಡಿ, “ಎಷ್ಟು ಹೊತ್ತು ಬಿಸಿಲಲ್ಲಿ ಇದ್ರಿ?” ಎಂದರು.

“ಬಿಸಿಲಾ? ಬಿಸಿಲಿನ ಮಾತೇ ಇಲ್ಲ ಡಾಕ್ಟ್ರೇ. ವಿಕಿರಣ ತಪ್ಪಿಸ್ಕೊಳ್ಳೋಕೆ ಬೆಳಿಗ್ಗೆಯಿಂದ ತಾರಸಿ ಮೇಲಿದ್ದೆ. ಮೀಟರು ಹಸಿರು ತೋರಿಸ್ತು.”

ಡಾಕ್ಟರು ಕೆಮ್ಮು ಬಂದವರಂತೆ ಆ ಕಡೆ ತಿರುಗಿದರು. ಅಷ್ಟರಲ್ಲಿ ಸುದ್ದಿ ತಿಳಿದು ಹೆಂಡತಿ ಓಡೋಡಿ ಬಂದರು. ಬೊಬ್ಬೆ ನೋಡಿ ಮೊದಲು ಗಾಬರಿ. ಕಥೆ ಕೇಳಿದ ಮೇಲೆ ಹಣೆ ಹಣೆ ಚಚ್ಚಿಕೊಂಡರು.

“ರೀ, ಸೂರ್ಯನಿಗಿಂತ ದೊಡ್ಡ ವಿಕಿರಣದ ಕಾರ್ಖಾನೆ ಎಲ್ಲಿದೆ? ಬೆಳಕಿನ ಜೊತೆ ಅತಿನೇರಳೆ ಕಿರಣವೂ ಬರುತ್ತೆ. ಕಣ್ಣಿಗೆ ಕಾಣಲ್ಲ, ಗಾಳಿ ತಂಪಾಗಿದ್ರೆ ಬಿಸೀನೂ ಗೊತ್ತಾಗಲ್ಲ. ಚರ್ಮ ಸುಡೋದು ಅದೇ. ನಿಮ್ಮ ಮೀಟರು ತಂತಿ, ಫೋನು ಅಳೆಯೋದು. ಅದಕ್ಕೆ ಸೂರ್ಯ ಇದಾನೆ ಅಂತಾನೇ ಗೊತ್ತಿಲ್ಲ! ಮನೇಲಿ ಇದ್ದ ವಿಕಿರಣ ನಿಮ್ಮ ಒಂದು ರೋಮಾನೂ ಕೊಂಕಿಸ್ತಿರಲಿಲ್ಲ.”

“ಕೊಂಕಿಸೋಕೆ ರೋಮ ಎಲ್ಲಿದೆ?” ಎಂದಳು ಮಗಳು.

ಹೆಂಡತಿ ಮುಲಾಮಿನ ಡಬ್ಬಿ ತಾವೇ ತೆಗೆದುಕೊಂಡರು. ನೆತ್ತಿಗೆ ಹಚ್ಚುವಾಗ ಬೆರಳು ಎಷ್ಟು ಹಗುರವಾಗಿತ್ತೆಂದರೆ ಅಳತೆಪ್ಪನವರಿಗೆ ಕಣ್ಣಲ್ಲಿ ನೀರು ಬಂತು. ಉರಿಗೋ, ಇನ್ನೊಂದಕ್ಕೋ, ಅವರಿಗೂ ತಿಳಿಯಲಿಲ್ಲ.

“ಆ ಮಗು ಹೇಗಿದೆ ಕಣೇ?” ಎಂದರು.

“ಕೈ ಕೂಡಿಸಿ ಪ್ಲಾಸ್ಟರ್ ಹಾಕಿದಾರೆ. ಚೆನ್ನಾಗಿದಾಳೆ.”

ನರ್ಸು ದಾಖಲೆ ಪುಸ್ತಕ ತಂದಳು. ಹೆಂಡತಿ ಪೆನ್ನು ತೆಗೆದು, ಗಾಯದ ಕಾರಣ ಎಂಬ ಕಡೆ ದುಂಡಗೆ ಬರೆದರು: ‘ವಿಕಿರಣ.’

“ಹಾಗಂತ ಬರೀಬೇಡ್ವೇ!”

“ಇದರಲ್ಲಿ ಸುಳ್ಳು ಬರೆಯೋ ಹಾಗಿಲ್ಲ. ನಾನು ಸೇರಿದಾಗಿನಿಂದ ಸಾವಿರಾರು ಜನಕ್ಕೆ ಎಕ್ಸ್-ರೇ ತೆಗೆದಿದೀನಿ. ಒಬ್ಬರಿಗೂ ಒಂದು ಕೆಂಪು ಚುಕ್ಕೆ ಆಗಿಲ್ಲ. ವಿಕಿರಣದಿಂದ ಗಾಯ ಆಗಿ ಈ ಆಸ್ಪತ್ರೆಗೆ ಬಂದ ಮೊದಲನೇ ರೋಗಿ ಯಾರು ಗೊತ್ತಾ? ಎಕ್ಸ್-ರೇ ಮೇಡಂ ಗಂಡ!”

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಒಬ್ಬೊಬ್ಬರೇ ಏನೋ ಕೆಲಸವಿದ್ದವರಂತೆ ಬಾಗಿಲಲ್ಲಿ ಇಣುಕಿ, ಬಿಳಿ ಮುಲಾಮು ಮೆತ್ತಿದ ನೆತ್ತಿಯನ್ನು ದರ್ಶನ ಮಾಡಿ ಹೋದರು. ಕಡೆಗೆ ಬಂದದ್ದು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಏಳೆಂಟು ವರ್ಷದ ಹುಡುಗಿ, ತಾಯಿಯ ಜೊತೆ. ಅಳತೆಪ್ಪನವರಿಗೆ ಅವಳು ಯಾರೆಂದು ತಿಳಿದುಹೋಯಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಅವಳೇ ಕೇಳಿದಳು:

“ಅಂಕಲ್, ನೀವು ಎಲ್ಲಿಂದ ಬಿದ್ರಿ?”

“ಎಲ್ಲಿಂದಲೂ ಬಿದ್ದಿಲ್ಲಮ್ಮ. ಸುಮ್ನೆ ಕೂತಿದ್ದೆ.”

ಹುಡುಗಿ ಬೊಬ್ಬೆಗಳನ್ನೆಲ್ಲ ಕನಿಕರದಿಂದ ಎಣಿಸಿ, ತಾಯಿಯ ಕಡೆ ತಿರುಗಿದಳು.

“ನೋಡಮ್ಮಾ, ಸುಮ್ನೆ ಕೂತ್ರೂ ಹೀಗಾಗುತ್ತಂತೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ಮತ್ತೆ ಮರ ಹತ್ತಬಹುದು ತಾನೆ?”