ಟೆನಿಸ್ ಅಂಗಳದಲ್ಲಿ ಲೇಟ್ ಮಾರ್ಕ್

ನನ್ನ ಕೈಗಡಿಯಾರ ಮದುವೆಯಲ್ಲಿ ಮಾವನವರು ಕೊಟ್ಟದ್ದು. ಅಂದಿನಿಂದ ಅದು ಒಂದು ನಿಮಿಷವೂ ಹಿಂದೆ ಬಿದ್ದಿಲ್ಲ, ನಾನು ಒಂದು ನಿಮಿಷವೂ ನೆಮ್ಮದಿಯಾಗಿಲ್ಲ. ಗಡಿಯಾರವಿಲ್ಲದವನು ಗಾಡಿ ತಪ್ಪಿದ ಮೇಲೆ ಒಮ್ಮೆ ಚಿಂತಿಸುತ್ತಾನೆ. ಗಡಿಯಾರವಿದ್ದವನು ತಪ್ಪುವ ಮೊದಲೇ ಶುರುಮಾಡಿ, ಗಾಡಿ ಸಿಕ್ಕು ಸೀಟು ಹಿಡಿದ ಮೇಲೂ ಬಿಡುವುದಿಲ್ಲ. ಮಹಾನಗರದ ಒಂದು ತುದಿಯ ಬೊರಿವಲಿಯಲ್ಲಿ ಮನೆ, ದೂರದ ವಡಾಲದಲ್ಲಿ ಕಾರ್ಖಾನೆ ಇರುವ ನನಗೆ ಚಿಂತಿಸಲು ಬೇಕಾದಷ್ಟು ದಾರಿಯೂ ಇದೆ. ನಿಮಗೆ ರೋಗವೇನೂ ಇಲ್ಲ, ಏನಾದರೂ ಆಟ ಆಡಿ ಮನಸ್ಸು ಹಗುರ ಮಾಡಿಕೊಳ್ಳಿ ಎಂದರು ಡಾಕ್ಟರು. ಹಾಗೆ ನಾನು ಟೆನಿಸ್ಸಿಗೆ ಬಿದ್ದೆ.

ನಮ್ಮ ಕಾರ್ಖಾನೆಯ ಕಾಲನಿಯಲ್ಲಿ ಸೆಗಣಿ ಸಾರಿಸಿದ ಒಂದೇ ಒಂದು ಟೆನಿಸ್ ಅಂಗಳ. ವರ್ಷಕ್ಕೊಮ್ಮೆ ಅಲ್ಲಿ ನೌಕರರ ಪಂದ್ಯಾವಳಿ. ಆರು ವರ್ಷ ನಾನು ಮೊದಲ ಸುತ್ತಿನಲ್ಲೇ ಸೋತೆ. ಅದರಲ್ಲಿ ನಾಲ್ಕು ಸಲ ಸ್ಟೋರ್ಸ್ ವಿಭಾಗದ ಇನಾಮದಾರರಿಗೆ. ಧಾರವಾಡದ ಈ ಮಹಾಶಯರು ಒಂದು ಪಾಯಿಂಟ್ ಮುಗಿಯಿತೆಂದರೆ ಕನ್ನಡಕ ಒರೆಸುವರು, ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುವರು, ಆಮೇಲೆ ನೆಟ್ಟಿನಾಚೆಯಿಂದ, "ದೇಸಾಯರ, ಮನ್ಯಾಗ ಎಲ್ಲಾರೂ ಆರಾಮ?" ಎನ್ನುವರು. ಅಷ್ಟು ಸಾಕು. ಹೌದಲ್ಲ, ಎಲ್ಲರೂ ಆರಾಮವೇ? ಬೆಳಿಗ್ಗೆ ಮಗಳು ಎರಡು ಸಲ ಸೀನಿದಳಲ್ಲ? ಹೆಂಡತಿ ಸ್ಟೋವ್ ಆರಿಸಿಯೇ ಮಾರ್ಕೆಟ್ಟಿಗೆ ಹೋಗಿರುವಳೇ? ನಾನು ಸ್ಟೋವ್ ಆರಿಸಿ ಬರುವಷ್ಟರಲ್ಲಿ ಚೆಂಡು ನನ್ನ ಪಕ್ಕದಿಂದ ಹೋಗಿ ಬೇಲಿ ಮುಟ್ಟಿರುತ್ತಿತ್ತು.

ಟೆನಿಸ್ಸಿನ ನಿಯಮವೋ, ಆಟ ನಿಲ್ಲದೆ ಸಾಗಬೇಕು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತದೆ. ನಿಲ್ಲದೆ ಎಂದರೆ ಎಷ್ಟು ಸೆಕೆಂಡು? ಈ ನಿಯಮ ಸುಧಾರಣೆಯಾಗದ ಹೊರತು ನನ್ನ ಉದ್ಧಾರವಿಲ್ಲವೆಂದು ಕ್ರೀಡಾ ಸಮಿತಿಗೆ ಎರಡು ಪುಟದ ಅರ್ಜಿ ಬರೆದೆ. ತಡವಾಗಿ ಬಂದವನಿಗೆ ಗುರುತು ಹಾಕಿ ಸಂಬಳ ಮುರಿಯುವ ಕಾರ್ಖಾನೆಯ ಲೇಟ್ ಮಾರ್ಕ್ ಪದ್ಧತಿಯನ್ನೇ ಅಂಗಳಕ್ಕೂ ತನ್ನಿ. ಪಾಯಿಂಟ್ ಮುಗಿದ ಮೂವತ್ತು ಸೆಕೆಂಡಿನಲ್ಲಿ ಮುಂದಿನದು ಶುರುವಾಗಲಿ. ಮೊದಲ ಸಲ ತಡಮಾಡಿದವನಿಗೆ ಎಚ್ಚರಿಕೆ, ಆಮೇಲೆ ಸಲಕ್ಕೊಂದು ಪಾಯಿಂಟ್ ಖೋತಾ. ಸಮಿತಿ ಒಪ್ಪಿತು. ಅಂಪೈರ್ ಆಗಿ ಟೈಮ್ ಆಫೀಸಿನ ಶೇಖ್ ಸಾಹೇಬರನ್ನು ಕೂರಿಸಿತು. ವಿಜಾಪುರದವರಾದ ಇವರು ಗೇಟಿನಲ್ಲಿ ಕೂತು, ತಮ್ಮ ಸ್ವಂತ ಭಾವಮೈದುನನಿಗೂ ಅವನ ಮದುವೆಯ ಮರುದಿನವೇ ಲೇಟ್ ಮಾರ್ಕ್ ಹಾಕಿದವರು. ಈ ವರ್ಷ ಒಂದಾದರೂ ಪಂದ್ಯ ಗೆದ್ದೇ ಬರುವೆನೆಂದು ಹೆಂಡತಿಗೆ ಮಾತು ಕೊಟ್ಟೆ. ಅವಳು ಕೇಳಿರಲಿಲ್ಲ ಎಂಬುದು ಬೇರೆ ಮಾತು.

ಮೊದಲ ಸುತ್ತಿನಲ್ಲಿ ಮತ್ತೆ ಇನಾಮದಾರರೇ. ಆದರೆ ಇದು ಬೇರೆ ಇನಾಮದಾರರು! ಒರೆಸದ ಕನ್ನಡಕದಲ್ಲಿ ಬೆದರಿ ಓಡಾಡುತ್ತಿದ್ದರು. ಶೇಖ್ ಸಾಹೇಬರು ಎರಡು ಸಲ "ವಾರ್ನಿಂಗ್!" ಎಂದು ಕೂಗಿದರು. ಎರಡು ಸಲವೂ ನನಗೆ ಆನಂದವಾಯಿತು. ಐದು–ನಾಲ್ಕು ಗೇಮುಗಳಿಂದ ಮುಂದಿದ್ದೆ, ಪಂದ್ಯ ಒಂದೇ ಸೆಟ್ಟಿನದು, ಸರ್ವಿಸೂ ನನ್ನದೇ. ಇನ್ನೊಂದು ಪಾಯಿಂಟ್ ಬಂದರೆ ಗೆದ್ದಂತೆ. ಆಗ ಅಂಪೈರ್ ಕುರ್ಚಿಯ ಮೇಲಿನಿಂದ ದನಿ ಬಂತು: "ಟೈಮ್! ಪಾಯಿಂಟ್ ಕಟ್!"

ಇನಾಮದಾರರು ಆಚೆ ತುದಿಯಲ್ಲಿ ಸಿದ್ಧರಾಗಿ ಬಗ್ಗಿ ನಿಂತಿದ್ದರು.

"ಯಾರದ್ರೀ ಕಟ್ಟು?"

"ನಿಮ್ದು."

"ನಾ ಏನ್ ಮಾಡೀನ್ರಿ?"

"ಎಡಗಡೆ ಕಿಸೆದಾಗ ಪಾಸ್ ಮುಟ್ಟಿ ನೋಡಿದ್ರಿ. ಬಲಗಡೆ ಕಿಸೆದಾಗ ಕೀಲಿಕೈ. ಆಮ್ಯಾಲ ಗಡಿಯಾರ. ಮತ್ತ ಪಾಸ್. ಮೊದಲ್ನೇ ವಾರ್ನಿಂಗ್ ಅವರಿಗೆ ಕೊಟ್ಟಿದ್ದೆ, ಎರಡ್ನೇದು ನಿಮಗ. ತುಮಾರಾಚ್ ಕಾನೂನ್ ಹೈ ಸಾಬ್, ನೀವss ಮಾಡಿದ್ದು, ನಾ ಏನ್ ಮಾಡ್ಲಿ?"

ಹನ್ನೆರಡು ವರ್ಷ ಬೊರಿವಲಿ ಲೋಕಲ್ ರೈಲಿನಲ್ಲಿ ನೇತಾಡಿದವನ ಕೈ ಅದು. ಗದ್ದಲದಲ್ಲಿ ಕಿಸೆಗಳ್ಳರ ಭಯಕ್ಕೆ ನಿಲ್ದಾಣಕ್ಕೊಮ್ಮೆ ರೈಲ್ವೆ ಪಾಸ್ ಮುಟ್ಟಿ ನೋಡಿಕೊಳ್ಳುವ ರೂಢಿ. ಆಟಗಾರರು ಬಟ್ಟೆಬರೆ ಇಡುವ ಕಪಾಟಿನ ಮೇಲೆ ನಂಬಿಕೆಯಿಲ್ಲದೆ ಪಾಸನ್ನು ಆಟದ ಚಡ್ಡಿಯಲ್ಲೇ ಇಟ್ಟುಕೊಂಡಿದ್ದೆ. ಇನ್ನು ಮುಟ್ಟಕೂಡದು ಎಂದು ಕೈಯನ್ನು ಬಿಗಿಹಿಡಿದೆ. ಮುಟ್ಟದ ಕೂಡಲೇ ಪಾಸ್ ಎಲ್ಲೋ ಬಿದ್ದೇ ಹೋಗಿದೆ ಎನಿಸತೊಡಗಿತು. ಚೆಂಡುಗಳು ಒಂದಾದ ಮೇಲೊಂದು ನೆಟ್ಟಿಗೆ ಹೋಗಿ ಮಲಗಿದವು. ಆ ಗೇಮು ಹೋಯಿತು, ಮುಂದಿನ ಎರಡೂ ಹೋದವು, ಪಂದ್ಯವೂ ಹೋಯಿತು.

ಇನಾಮದಾರರು ಕೈಕುಲುಕಿ, "ಕಾನೂನು ಛಲೋ ಮಾಡೀರಿ ದೇಸಾಯರ. ಲಗೂ ಲಗೂ ಆಡಿದ್ರ ನಾ ಇಷ್ಟ್ ಚಂದ ಆಡ್ತೀನಂತ ನನಗ ಗೊತ್ತss ಇರಲಿಲ್ಲ" ಎಂದರು.

ನಿಯಮವನ್ನು ಇನ್ನೊಮ್ಮೆ ಸುಧಾರಿಸಲೇಬೇಕು ಎಂದು ನನಗೆ ಈಗ ಖಚಿತವಾಗಿದೆ. ದೂರದ ಉಪನಗರಗಳಲ್ಲಿ ವಾಸಿಸುವ ಆಟಗಾರರಿಗೆ ಪಾಸ್ ನೋಡಿಕೊಳ್ಳಲು ಹತ್ತು ಸೆಕೆಂಡು ಹೆಚ್ಚಿಗೆ ಕೊಡಬೇಕೆಂದು ಮರುದಿನವೇ ಹೊಸ ಅರ್ಜಿ ಬರೆದೆ. ಇನ್ನೊಬ್ಬ ಆಟಗಾರನ ಸಹಿ ಬೇಕಿತ್ತು. ಸಂಜೆ ಕೆಲಸ ಮುಗಿದ ಮೇಲೆ ಇನಾಮದಾರರ ಮೇಜಿಗೇ ಹೋದೆ. ಎಷ್ಟಾದರೂ ದೊಡ್ಡ ಮನಸ್ಸು ಅವರದು.

"ಕೊಡ್ರಿ, ಅದಕ್ಕೇನು. ಒಮ್ಮೆ ಓದಿ ಸಹಿ ಮಾಡ್ತೀನಿ" ಎಂದು ಕನ್ನಡಕ ತೆಗೆದು ಒರೆಸತೊಡಗಿದರು. ಎರಡೂ ಕಡೆ ಒರೆಸಿದರು. ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಒರೆಸಿದರು. "ಮತ್ತ, ಮನ್ಯಾಗ ಎಲ್ಲಾರೂ ಆರಾಮ?" ಎಂದರು.

ಗಡಿಯಾರ ನೋಡಿದೆ. ನನ್ನ ಲೋಕಲ್ ಹೋಗಿಯಾಗಿತ್ತು. ಪಾಸ್ ಮಾತ್ರ ಇತ್ತು, ಮುಟ್ಟಿ ನೋಡಿಕೊಂಡೆ.