ನನ್ನ ಸ್ನಾನದ ಮುನ್ಸೂಚನೆ

ನಮ್ಮ ಮನೆಯಲ್ಲಿ ಗೀಸರ್ ಹಾಕುವವರು ಮೂವರು, ಆರಿಸುವವನು ನಾನೊಬ್ಬನೇ. ಹೆಂಡತಿ, ಮಗಳು, ಅತ್ತೆ ಮೂವರೂ ಸ್ವಿಚ್ ಅದುಮಿ ಮರೆತುಬಿಡುತ್ತಾರೆ. ಅಲ್ಲಿ ನೀರು ಕುದಿಯುತ್ತದೆ, ಬಿಲ್ ನೋಡಿ ಇಲ್ಲಿ ನನ್ನ ರಕ್ತ ಕುದಿಯುತ್ತದೆ. ಕೊನೆಗೆ ರೇಗಿಹೋಗಿ, ಎಂಜಿನಿಯರ್ ಭಾವಮೈದನನ್ನು ಕರೆಸಿ ಗೀಸರಿಗೊಂದು ಪೆಟ್ಟಿಗೆ ಹಾಕಿಸಿದೆ. ಯಾವ ಹೊತ್ತಿಗೆ ಎಷ್ಟು ಬಿಸಿನೀರು ಖರ್ಚಾಗುತ್ತದೆಂದು ಅದು ಒಂದು ತಿಂಗಳು ಗಮನಿಸುತ್ತದಂತೆ. ಆಮೇಲೆ ನಾಳೆಯ ಚಳಿ ಎಷ್ಟು, ಕರೆಂಟು ಯಾವಾಗ ಅಗ್ಗ ಎಂದೆಲ್ಲ ಮೊದಲೇ ಊಹಿಸಿ, ಬೇಕಾದಷ್ಟನ್ನೇ ಕಾಯಿಸುತ್ತದಂತೆ. (ತ್ರಿಕಾಲಜ್ಞಾನಿ! ಎಂದು ನಾನೇ ಮೂರ್ಖನಂತೆ ಕೊಂಡಾಡಿದ್ದೆ.) "ಇನ್ನು ನಿಮ್ಮ ದುಂದುಗಾರಿಕೆ ಬಯಲಾಗುತ್ತೆ," ಎಂದು ಮೂವರಿಗೂ ಭಾಷಣ ಬಿಗಿದೆ.

ತಿಂಗಳು ಕಳೆಯಿತು. ಶಾಲೆಗೆ ತನಿಖಾಧಿಕಾರಿಗಳು ಬರುವ ದಿನ. ಮುಖ್ಯೋಪಾಧ್ಯಾಯನಾದ ನಾನು ಕೊರೆಯುವ ಚಳಿಯಲ್ಲಿ ತಲೆಗೆ ಸೋಪು ಹಚ್ಚಿ ನಲ್ಲಿ ತಿರುಗಿಸಿದೆ. ಮಂಜುಗಡ್ಡೆ ಕರಗಿಸಿ ಸುರಿದಂಥ ನೀರು! ನನ್ನ ಆರ್ಭಟಕ್ಕೆ ಅತ್ತೆಯವರ ಕೈಲಿದ್ದ ಲೋಟ ಕೆಳಗೆ ಬಿತ್ತು.

ಟವೆಲ್ ಸುತ್ತಿಕೊಂಡು, ಕಣ್ಣಿಗೆ ನೊರೆ ಇಳಿಯುತ್ತಿದ್ದಂತೆಯೇ ಭಾವಮೈದನಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಬೇರೆ ಹಾಕಿದೆ.

"ಏನಯ್ಯಾ ನಿನ್ನ ಪೆಟ್ಟಿಗೆ? ಆ ಮೂವರಿಗೂ ಹಬೆಯಾಡೋ ನೀರು, ಮನೆ ಯಜಮಾನನಿಗೆ ತಣ್ಣೀರಾ? ಇವತ್ತೇ ಕಿತ್ತು ಬಿಸಾಕ್ತೀನಿ!"

"ಸಮಾಧಾನ ಭಾವ, ಇಲ್ಲಿಂದಲೇ ನೋಡ್ತೀನಿ... ಪೆಟ್ಟಿಗೆ ಸರಿಯಾಗೇ ಇದೆಯಲ್ಲ. ಎಂಟು ಗಂಟೆ ಸ್ನಾನ ನಿಮ್ಮದೇ ತಾನೆ?"

"ಇನ್ಯಾರದ್ದು!"

"ಅದಕ್ಕೇ. ತಿಂಗಳಲ್ಲಿ ಎಂಟು ಗಂಟೆಗೆ ಬಿಸಿನೀರು ಖರ್ಚಾಗಿರೋದು ಒಂಬತ್ತೇ ದಿನ. ಚಳಿ ಜಾಸ್ತಿಯಾದ ದಿನ ಒಂದು ಚೊಂಬೂ ಹೋಗಿಲ್ಲ. ಇವತ್ತು ಚಳಿ, ಹಾಗಾಗಿ ನೀವು ಸ್ನಾನ ಮಾಡಲ್ಲ ಅಂತ ಅದು ಅಂದಾಜು ಮಾಡಿದೆ."

ಹೆಂಡತಿ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಬಂದಳು.

"ರೀ," ಎಂದಳು ನನ್ನವಳು, "ದಿನಾ ಅರ್ಧ ಗಂಟೆ ಬಾಗಿಲು ಹಾಕ್ಕೊಂಡು, ತಲೆ ಒದ್ದೆ ಮಾಡ್ಕೊಂಡು ಬರ್ತಿದ್ರಲ್ಲ?"

(ಪತ್ರಿಕೆ ಓದುತ್ತಿದ್ದೆ. ಈ ಮನೆಯಲ್ಲಿ ನೆಮ್ಮದಿಯಾಗಿ ಓದಲು ಬೇರೆ ಜಾಗ ಎಲ್ಲಿದೆ?)

"ತಣ್ಣೀರಲ್ಲಿ ಮಾಡ್ತಿದ್ದೆ ಕಣೇ!" ಎಂದು ಗುಡುಗಿದೆ. ಈಗಷ್ಟೇ ತಣ್ಣೀರಿಗೆ ಬೊಬ್ಬೆ ಹಾಕಿದವನ ಮಾತನ್ನು ಯಾರು ನಂಬುತ್ತಾರೆ?

"ಪೆಟ್ಟಿಗೆ ಮುಟ್ಟಕೂಡದು," ಅತ್ತೆ ತೀರ್ಪು ಕೊಟ್ಟರು. "ಈ ಮನೇಲಿ ಸತ್ಯ ಹೇಳೋದು ಅದೊಂದೇ."

ಅಂದು ತನಿಖಾಧಿಕಾರಿಗಳ ಮುಂದೆ ಸೀನುತ್ತಲೇ ನಿಂತೆ. ಈಗ ದಿನಾ ಎಂಟಕ್ಕೆ ನೀರು ಕಾದಿರುತ್ತದೆ. ನಾನು ಹೊರಬರುವಾಗ ಮಗಳು ಬಾಗಿಲಲ್ಲೇ ಪೆಟ್ಟಿಗೆಯ ಲೆಕ್ಕ ತೋರಿಸುವ ಫೋನ್ ಹಿಡಿದು ನಿಂತಿರುತ್ತಾಳೆ.

"ಅಮ್ಮಾ, ಅಪ್ಪಂದು ಇವತ್ತು ಬರೀ ಎರಡೇ ಲೀಟರ್!"

ಅಡುಗೆಮನೆಯಿಂದ ಆಜ್ಞೆ ಬರುತ್ತದೆ: "ವಾಪಸ್ ಕಳಿಸೇ ಒಳಗೆ!"